ಸುಖಾಸನ



ಕುಳಿತುಕೊಳ್ಳುವುದೂ ಒಂದು ವಿದ್ಯೆಯೆಂದು ನಾವು ಹೇಳಿದರೆ ತಾವು ನಕ್ಕುಬಿಡಬಹುದು. ಹುಟ್ಟಿದ ಆರೇಳು ತಿಂಗಳಿಗೆ ಪ್ರತಿಯೊಂದು ಶಿಶುವೂ ಗುರುವಿಲ್ಲದೆಯೇ ಕಲಿತುಕೊಳ್ಳುವ ಕೆಲಸವದು. ಆದರೂ ಪಟ್ಟಣವಾಸಿಗಳಾದ ನಮ್ಮಲ್ಲಿ ಬಹುಮಂದಿ ಹಗಲಿನ ಹೆಚ್ಚು ಪಾಲನ್ನು ಕುಳಿತೇ ಕಳೆಯುವವರು. ಕಚೇರಿಯಲ್ಲಿ ಕುಳಿತು ದಣಿದು, ಆ ದಣಿವನ್ನು ಆರಿಸಿಕೊಳ್ಳಲು ಮನೆಗೆ ಬಂದು ಮತ್ತೆ ಕುಳಿತುಕೊಳ್ಳುವವರು. ಇಂಥವರು ಮನೆಗೆ ಪೀಠವೊಂದನ್ನು ಕೊಳ್ಳುವಾಗ ಬಣ್ಣವನ್ನು ನೋಡುವರು, ಬೆಲೆಯನ್ನು ನೋಡುವರು, ಅಂಗೈಯಿಂದ ಒಮ್ಮೆ ಒತ್ತಿ ಮೆತ್ತಗಿದೆಯೇ ಎಂದು ನೋಡುವರು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಸುಖವೆಂದರೆ ಮೆತ್ತಗಿರುವುದು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದುದು ಹಿರೇಕೆರೂರು ಸೀಮೆಯ ಮಾಸೂರಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಮಾಸೂರು ಕುಮುದ್ವತಿಯ ದಂಡೆಗೆ ಸಮೀಪವಿರುವ ಊರು. ಹತ್ತಿರದ ಮದಗದ ಕೆರೆಯಿಂದ ಪ್ರಸಿದ್ಧವಾದುದು. ಸರ್ವಜ್ಞ ಕವಿಯ ತಂದೆ ಬಸವರಸನು ಈ ಊರಿನವನೆಂದು ಪ್ರತೀತಿಯುಂಟು. ಅಲ್ಲಿ ನಮ್ಮ ದೊಡ್ಡವ್ವನವರ ಮನೆಯಿದೆ. ಹಿಂದಿನ ಬೇಸಗೆಯಲ್ಲಿ ಅವರ ಮೊಮ್ಮಗ ಹುಬ್ಬಳ್ಳಿಯಿಂದ ಹೊಸ ಮಾದರಿಯ ಸೋಫಾವೊಂದನ್ನು ತರಿಸಿದನು. ಅದು ಐದು ತುಂಡುಗಳಾಗಿ ಬಂದಿತು: ಮೂಲೆಗೆ ಸೇರುವುವು ಎರಡು, ತೋಳಿಲ್ಲದ ನಡುವಿನ ಪೀಠಗಳು ಎರಡು, ಕಾಲು ಚಾಚಿಕೊಳ್ಳಲು ಬೆನ್ನಿಲ್ಲದ ಗಿಡ್ಡ ಪೀಠ ಒಂದು. ಒಂದಕ್ಕೊಂದು ಕೊಂಡಿಯಿಂದ ಸೇರಿಸಿದರೆ ಗೋಡೆಯುದ್ದದ ಆಸನ. ಮೂಲೆ ತಿರುಗಿಸಿದರೆ ಕಾಟಕೋನದ ಆಸನ. ಎಲ್ಲವನ್ನೂ ಎದುರುಬದುರಾಗಿ ಕೂಡಿಸಿದರೆ ಮಂಚ. ಅಂಗಡಿಯವರು ಇದಕ್ಕೆ ಮಾಡ್ಯುಲರ್ ಸೋಫಾ ಎನ್ನುವರು. ಮನೆಯವರೆಲ್ಲರೂ ಸಂತೋಷಪಟ್ಟು, ಮೊದಲ ಮರ್ಯಾದೆ ಹಿರಿಯರಿಗೆಂದು ದೊಡ್ಡವ್ವನವರನ್ನು ಅದರ ಮೇಲೆ ಕುಳ್ಳಿರಿಸಿದರು. ಅವರು ಕುಳಿತರು, ಒಳಗಿಳಿದರು. ಸ್ವಲ್ಪ ಹೊತ್ತಾದ ಮೇಲೆ ಏಳಲು ನೋಡಿದರು, ಆಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು. "ತಮ್ಮಾ, ಗದ್ದಿ ಕೆಸರಾಗ ಕುಂತಂಗಾತಲ್ಲೋ" ಎಂದರು. ಅಂದಿನಿಂದ ಅವರು ಅದರ ಹತ್ತಿರ ಸುಳಿಯಲಿಲ್ಲ. ನಡುಮನೆಯ ಹೊಸ್ತಿಲ ಬಳಿ ಮಣೆಯ ಮೇಲೆ ಕೂರತೊಡಗಿದರು.

ಎಲ್ಲರಿಗೂ ಸುಖವಾದ ಆಸನ ಅವರೊಬ್ಬರಿಗೆ ಮಾತ್ರ ಕೆಸರಾದುದು ಹೇಗೆ? ಇದಕ್ಕೆ ಉತ್ತರ ಹೇಳಬೇಕಾದರೆ ಸೋಫಾ ಎಲ್ಲಿಂದ ಬಂದಿತು, ಅದರ ಒಳಗೇನಿದೆ, ನಮ್ಮ ಶರೀರವು ಆಸನದಿಂದ ಬಯಸುವುದೇನು ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಬೇಕು.

ಮೊದಲು ಹೆಸರಿನ ವಿಚಾರ. ಸೋಫಾ ಎಂಬುದು ಇಂಗ್ಲಿಷಿನಿಂದ ನಮಗೆ ಬಂದ ಶಬ್ದವಾದರೂ ಇಂಗ್ಲಿಷಿನವರದಲ್ಲ. ಅರಬ್ಬೀ ಭಾಷೆಯಲ್ಲಿ ಸುಫ್ಫಾ ಎಂದರೆ ನೆಲಕ್ಕಿಂತ ಎತ್ತರವಾಗಿ ಕಟ್ಟಿದ ಜಗಲಿ. ಮದೀನಾದ ಮಸೀದಿಯಲ್ಲಿ ಮನೆಮಾರಿಲ್ಲದ ಬಡವರು ತಂಗುತ್ತಿದ್ದ ನೆರಳಿನ ಜಗಲಿಗೂ ಇದೇ ಹೆಸರು. ಜಗಲಿಯ ಮೇಲೆ ರತ್ನಗಂಬಳಿ, ಅದರ ಮೇಲೆ ಮೆತ್ತೆ, ಗೋಡೆಗೆ ಒರಗು; ಈ ಏರ್ಪಾಡು ತುರ್ಕರ ಮೂಲಕ ಯೂರೋಪನ್ನು ಸೇರಿ, ಅಲ್ಲಿ ನಾಲ್ಕು ಕಾಲುಗಳನ್ನು ಪಡೆದು ಸೋಫಾ ಆಯಿತು. ದಿವಾನ್ ಎಂಬ ಪೀಠದ ಕಥೆಯೂ ಹೀಗೆಯೇ. ಪಾರಸಿಯಲ್ಲಿ ಅದು ಲೆಕ್ಕದ ದಫ್ತರಕ್ಕೂ ರಾಜಸಭೆಗೂ ಸಲ್ಲುವ ಶಬ್ದ. ಸಭಾಗೃಹದ ಗೋಡೆಯುದ್ದಕ್ಕೂ ಹಾಸಿದ ಆಸನಕ್ಕೆ ಆ ಸಭೆಯ ಹೆಸರೇ ಅಂಟಿಕೊಂಡಿತು. ಮೈಸೂರು ಸಂಸ್ಥಾನದ ದಿವಾನರೂ ನಮ್ಮ ಮನೆಯ ದಿವಾನ್ ಮಂಚವೂ ಒಂದೇ ಶಬ್ದದ ಮಕ್ಕಳೆಂದರೆ ಕೆಲವರಿಗೆ ಆಶ್ಚರ್ಯವಾದೀತು.

ಹಾಗಾದರೆ ಸೋಫಾದ ಮೂಲವು ಜಗಲಿ. ಜಗಲಿಯನ್ನು ಕನ್ನಡಿಗರಿಗೆ ಯಾರೂ ಪರಿಚಯಮಾಡಿಕೊಡಬೇಕಾಗಿಲ್ಲ. ಮಾಸೂರಿನಂಥ ಊರುಗಳ ಹಳೆಯ ಮನೆಯನ್ನು ಹೊಕ್ಕರೆ ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ; ಅದಕ್ಕಿಂತ ಒಂದೆರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಪಡಸಾಲೆಯಲ್ಲಿ ನವಲಗುಂದದ ಜಮಖಾನೆಯನ್ನೋ ಮೆಡ್ಲೇರಿಯ ಕಂಬಳಿಯನ್ನೋ ಹಾಸಿ, ಗೋಡೆಯ ಬದಿಗೆ ಗಾದಿ, ಗಾದಿಯ ಮೇಲೆ ಲೋಡು. ಈ ಗಾದಿ-ಲೋಡುಗಳ ಗುಣವೇನೆಂದರೆ, ಅವು ಯಾವುದೂ ನೆಲಕ್ಕೆ ಬಿಗಿದುವಲ್ಲ. ಒಬ್ಬ ಬೀಗರು ಬಂದರೆ ಒಂದು ಗಾದಿ ಹಾಸುವರು. ನಾಲ್ವರು ಬಂದರೆ ನಾಲ್ಕನ್ನು ಸಾಲಾಗಿ ಜೋಡಿಸುವರು. ಲಗ್ನದ ಮಾತುಕತೆಯಿದ್ದರೆ ಎದುರುಬದುರಾಗಿ ಹಾಸುವರು. ರಾತ್ರಿಯಾದರೆ ಅವೇ ಹಾಸಿಗೆಗಳು. ಬೆಳಗಾದರೆ ಮಡಚಿ ಕೋಣೆಯ ಮೂಲೆಯಲ್ಲಿ ಒಟ್ಟುವರು. ಲೋಡು ಬೆನ್ನಿಗೂ ಆದೀತು, ಮೊಳಕೈಗೂ ಆದೀತು, ಮುದುಕರ ಮಂಡಿಯ ಕೆಳಗೂ ಆದೀತು.

ನಮ್ಮವರು ಮನೆಯನ್ನು ಅಳೆಯುತ್ತಿದ್ದುದೂ ಇದೇ ಬುದ್ಧಿಯಿಂದ. ಕಂಬದಿಂದ ಕಂಬಕ್ಕೆ ಇರುವ ತೆರಪಿಗೆ ಅಂಕಣವೆಂದು ಹೆಸರು. ಐದಂಕಣದ ಮನೆ, ಏಳಂಕಣದ ಮನೆ ಎಂದು ಎಣಿಕೆ. ಕುಟುಂಬ ಬೆಳೆದರೆ ಅಂಕಣ ಕೂಡಿಸುವರು. ರೋಮನ್ನರ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸ್ ದೇವಾಲಯದ ಅಳತೆಗಳಿಗೆಲ್ಲ ಮೂಲಮಾನವೊಂದನ್ನು ಇಟ್ಟುಕೊಂಡು ಅದನ್ನು ಮಾಡ್ಯುಲಸ್ ಎಂದು ಕರೆದನು. ಮಾಡ್ಯುಲರ್ ಎಂಬ ಅಂಗಡಿಯ ಮಾತು ಹುಟ್ಟಿದುದು ಅಲ್ಲಿಂದ. ಅಳತೆಯೊಂದನ್ನು ಹಿಡಿದು ಅದನ್ನೇ ಮತ್ತೆ ಮತ್ತೆ ಕೂಡಿಸಿ ದೊಡ್ಡದನ್ನು ಮಾಡುವ ಕ್ರಮವನ್ನು ಕನ್ನಡದಲ್ಲಿ ಅಂಕಣದ ಕ್ರಮವೆಂದರೆ ತಪ್ಪಾಗಲಾರದು. ಆದಕಾರಣ ನಾವು ಈ ಸೋಫಾವನ್ನು ಅಂಕಣ ಸೋಫಾ ಎಂದು ಕರೆಯುವೆವು.

ಪಾಶ್ಚಾತ್ಯರಲ್ಲಿ ಈ ಬಗೆಯ ಸೋಫಾ ಬಂದುದು ಈಚೆಗೆ. 1940ರ ದಶಕದಲ್ಲಿ ಅಮೆರಿಕಾದ ಹಾರ್ವೆ ಪ್ರಾಬರ್ ಎಂಬಾತನು ಆಸನಗಳನ್ನು ಚೌಕ, ಅರ್ಧವರ್ತುಲ, ಮೂಲೆ ಎಂದು ಬಿಡಿ ಆಕಾರಗಳಾಗಿ ಮಾಡಿಸಿ, ಕೊಂಡವರು ತಮ್ಮ ಕೋಣೆಗೆ ತಕ್ಕಂತೆ ಜೋಡಿಸಿಕೊಳ್ಳಲಿ ಎಂದು ಮಾರಿದನು. 1970ರಲ್ಲಿ ಇಟಲಿಯ ಮಾರಿಯೋ ಬೆಲ್ಲಿನಿಯು ಕಮಲಿಯೋಂಡಾ ಎಂಬ ಸೋಫಾವನ್ನು ರಚಿಸಿದನು. ಗೋಸುಂಬೆ ಎಂಬರ್ಥದ ಮಾತನ್ನೂ ಅಲೆ ಎಂಬರ್ಥದ ಮಾತನ್ನೂ ಕೂಡಿಸಿದ ಹೆಸರು ಅದು. ಅದರಲ್ಲಿ ಆಸನ, ಬೆನ್ನು, ತೋಳು ಮೂರೂ ಬೇರೆಬೇರೆ. ತಂತಿ, ಕೊಕ್ಕೆ, ಬಳೆಗಳಿಂದ ಅವನ್ನು ಬೇಕಾದಂತೆ ಸೇರಿಸಬಹುದು, ಬೇಡವಾದಾಗ ಬಿಡಿಸಬಹುದು. 1973ರಲ್ಲಿ ಫ್ರಾನ್ಸಿನ ಮಿಷೆಲ್ ದ್ಯುಕರೋವಾ ಇನ್ನೂ ಮುಂದೆ ಹೋಗಿ ಕಾಲೂ ಇಲ್ಲದ, ಮರದ ಚೌಕಟ್ಟೂ ಇಲ್ಲದ, ಬರಿಯ ಫೋಮಿನ ಟೋಗೋ ಎಂಬ ಆಸನವನ್ನು ಮಾಡಿದನು. ನೆಲಕ್ಕೆ ಅಂಟಿದಂತಿರುವ ಆ ಸುಕ್ಕುಸುಕ್ಕಾದ ಮೆತ್ತೆಯನ್ನು ಕಂಡವರಿಗೆ ಸೋಫಾ ತನ್ನ ಕಾಲುಗಳನ್ನು ಕಳಚಿಟ್ಟು ಮತ್ತೆ ಗಾದಿಯಾಯಿತೆಂದು ತೋರದೆ ಇರದು.

ಇನ್ನು ಒಳಗಿನ ವಿಚಾರ. ಗಾದಿಯೊಳಗೆ ಇದ್ದುದು ಹತ್ತಿ. ಅದರಲ್ಲಿಯೂ ಎಳೆ ಗಿಡ್ಡವಾಗಿ ಒರಟಾಗಿದ್ದ ಜವಾರಿ ಹತ್ತಿ. ಪಿಂಜಾರರು ದೊಡ್ಡ ಬಿಲ್ಲಿನಂಥ ಕಮಾನನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದರು. ಅದರ ನರದ ಹುರಿಯನ್ನು ಮರದ ಕೊಡತಿಯಿಂದ ಮೀಟಿದಾಗ ಏಳುವ ಟೊಂಯ್ ಟೊಂಯ್ ನಾದಕ್ಕೆ ಗಂಟುಗಟ್ಟಿದ ಹತ್ತಿ ಬಿಡಿಸಿಕೊಂಡು ಹಗುರವಾಗುತ್ತಿತ್ತು. ಹತ್ತಿಯ ದೋಷವೆಂದರೆ ಭಾರಕ್ಕೆ ಅದು ದಿನದಿನಕ್ಕೆ ಅಡಕವಾಗುವುದು. ಗುಣವೆಂದರೆ ಬಿಸಿಲಿಗೆ ಹಾಕಿ, ಮತ್ತೆ ಪಿಂಜಿಸಿ, ಹೊಸ ಅರಿವೆಯಲ್ಲಿ ತುಂಬಿದರೆ ಅದೇ ಹತ್ತಿಯಿಂದ ಮತ್ತೊಂದು ಗಾದಿಯಾಗುವುದು.

ಯೂರೋಪಿನಲ್ಲಿ ಕುದುರೆಯ ಕೂದಲನ್ನು ತುಂಬುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸುರುಳಿ ಸ್ಪ್ರಿಂಗುಗಳು ಆಸನದೊಳಕ್ಕೆ ಬಂದುವು. 1929ರಲ್ಲಿ ಡನ್ಲಪ್ ಕಾರಖಾನೆಯವರು ರಬ್ಬರಿನ ಹಾಲನ್ನು ನೊರೆಯೆಬ್ಬಿಸಿ ಗಟ್ಟಿಮಾಡುವ ವಿಧಾನವನ್ನು ಕಂಡುಕೊಂಡರು. 1937ರಲ್ಲಿ ಜರ್ಮನಿಯ ಆಟ್ಟೋ ಬಾಯರ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಸಂಗಡಿಗರೂ ಪಾಲಿಯುರಿಥೇನ್ ಎಂಬ ದ್ರವ್ಯವನ್ನು ಸಿದ್ಧಪಡಿಸಿದರು. ಅದರ ನೊರೆಯೇ ಈಗ ನಾವು ಫೋಮ್ ಎನ್ನುವ ವಸ್ತು. ಎರಡು ದ್ರವಗಳು ಕೂಡಿದಾಗ ಅನಿಲ ಹುಟ್ಟಿ, ಇಡ್ಲಿಯ ಹಿಟ್ಟು ಉಬ್ಬುವಂತೆ ಉಬ್ಬಿ, ಹಾಗೆಯೇ ಗಟ್ಟಿಯಾಗುತ್ತದೆ. ಅದರ ಸಣ್ಣ ಸಣ್ಣ ಕೋಶಗಳು ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಒತ್ತಿದರೆ ಗಾಳಿ ಹೊರಗೆ ಹೋಗುವುದು, ಬಿಟ್ಟರೆ ಒಳಗೆ ಬರುವುದು.

ಕೊಳ್ಳುವವರು ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುವರು. ಅದು ಒಂದು ಘನಮೀಟರು ಫೋಮಿನ ತೂಕ ಎಷ್ಟು ಕಿಲೋಗ್ರಾಂ ಎಂಬ ಲೆಕ್ಕ, ಗಡಸುತನದ ಲೆಕ್ಕವಲ್ಲ. ಸಾಂದ್ರತೆ ಹೆಚ್ಚಿದ್ದರೆ ಫೋಮು ಸಾಮಾನ್ಯವಾಗಿ ಬಹುಕಾಲ ಬಾಳುತ್ತದೆ. ಆದರೆ ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರಬಹುದು, ಕಡಮೆಯಿದ್ದೂ ಬಿರುಸಾಗಿರಬಹುದು. ಅಂಗೈಯಿಂದ ಒತ್ತಿದಾಗ ತಿಳಿಯುವುದು ಮೇಲಿನ ಪದರದ ಮೆತುಪು ಮಾತ್ರ. ಇಡೀ ಮೈಭಾರ ಬಿದ್ದಾಗ ಕೆಳಗಿನ ಪದರವೂ, ಅದರಡಿಯ ರಬ್ಬರು ಪಟ್ಟಿ ಅಥವಾ ಸ್ಪ್ರಿಂಗುಗಳೂ ಎಷ್ಟು ಇಳಿಯುತ್ತವೆ ಎಂಬುದು ಕುಳಿತೇ ತಿಳಿಯಬೇಕು. ಅದೂ ಒಂದು ನಿಮಿಷವಲ್ಲ, ಕಾಲುಗಂಟೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುವೆವು. ಫೋಮು ಹೊತ್ತಿಕೊಂಡರೆ ಹತ್ತಿಯಂತೆ ನಿಧಾನವಾಗಿ ಕೊರಗಿ ಉರಿಯುವುದಿಲ್ಲ. ಬೇಗ ಭುಗಿಲೆದ್ದು ವಿಷಹೊಗೆಯನ್ನು ಕಾರುತ್ತದೆ. 1979ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಅಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟಿದ್ದ ಇಂಥ ಪೀಠಗಳಿಗೆ ಬೆಂಕಿ ಬಿದ್ದು 10 ಜನರು ಮಡಿದರು. 1988ರಲ್ಲಿ ಆ ದೇಶದವರು ಪೀಠೋಪಕರಣಗಳ ಫೋಮು, ಬಟ್ಟೆಗಳಿಗೆ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದರು. ಆದಕಾರಣ ಸೊಳ್ಳೆಬತ್ತಿ, ಊದುಬತ್ತಿ, ಬೀಡಿಗಳನ್ನು ಸೋಫಾದಿಂದ ದೂರವಿಡುವುದು ಲೇಸು.

ಈಗ ಮೂರನೆಯ ಪ್ರಶ್ನೆ: ಶರೀರವು ಆಸನದಿಂದ ಬಯಸುವುದೇನು? ಪತಂಜಲಿ ಮಹರ್ಷಿಗಳು ಆಸನದಲ್ಲಿ ಸ್ಥೈರ್ಯ, ಸುಖ ಎರಡನ್ನೂ ಬೇಡಿದರು. ಅವರು ಹೇಳಿದುದು ಯೋಗಿಯ ಆಸನಕ್ಕೆ. ಆದರೆ ಗೃಹಸ್ಥನ ಸೋಫಾಕ್ಕೂ ಆ ಲಕ್ಷಣ ಸಲ್ಲುತ್ತದೆ.

ನಾವು ಕುಳಿತಾಗ ಮೈಭಾರದ ದೊಡ್ಡ ಪಾಲನ್ನು ಹೊರುವುವು ಪೃಷ್ಠದ ಅಡಿಯಲ್ಲಿರುವ ಎರಡು ಮೂಳೆಗಳು. ಗಟ್ಟಿ ಹಲಗೆಯ ಮೇಲೆ ಕುಳಿತರೆ ಒತ್ತಡವೆಲ್ಲ ಆ ಎರಡು ಸಣ್ಣ ಜಾಗಗಳಲ್ಲಿ ಕೂಡಿ ಬಹುಬೇಗ ನೋವಾಗುತ್ತದೆ. ಮೆತ್ತೆಯು ಮೈಯ ಆಕಾರಕ್ಕೆ ಬಾಗಿ ಆ ಭಾರವನ್ನು ತೊಡೆಗಳಿಗೂ ಹಂಚುತ್ತದೆ. ಮೆತ್ತಗಿರುವುದರ ಪ್ರಯೋಜನವು ಇಷ್ಟೆ. ಮಿತಿಮೀರಿ ಮೆತ್ತಗಾದರೆ ಆ ಮೂಳೆಗಳಿಗೆ ಊರಲು ನೆಲೆ ಸಿಕ್ಕದೆ ಸೊಂಟವು ಹಿಂದಕ್ಕೆ ಉರುಳುತ್ತದೆ, ಬೆನ್ನು ಗೂನಾಗುತ್ತದೆ, ಬೀಳದಂತೆ ಹಿಡಿದುಕೊಳ್ಳಲು ಸ್ನಾಯುಗಳು ಸದಾ ದುಡಿಯಬೇಕಾಗುತ್ತದೆ. ಸುಖ ಸಿಕ್ಕಿತು, ಸ್ಥೈರ್ಯ ಹೋಯಿತು. ಸ್ವಲ್ಪ ಹೊತ್ತಿನಲ್ಲಿಯೇ ಸುಖವೂ ಅದರ ಹಿಂದೆ ಹೋಗುತ್ತದೆ.

ಎರಡನೆಯದು ಕೋನ. 1953ರಲ್ಲಿ ಅಮೆರಿಕಾದ ವೈದ್ಯ ಕೀಗನ್ ಎಂಬವರು ಕ್ಷಕಿರಣದ ಚಿತ್ರಗಳಿಂದ ಬೆನ್ನುಮೂಳೆಯ ಬಾಗನ್ನು ಪರೀಕ್ಷಿಸಿದರು. ಮುಂಡಕ್ಕೂ ತೊಡೆಗೂ ನಡುವಣ ಕೋನವು ಸುಮಾರು 135 ಡಿಗ್ರಿಯಿದ್ದಾಗ ಸೊಂಟವು ತನ್ನ ಸಹಜವಾದ ಬಾಗಿನಲ್ಲಿರುತ್ತದೆ. ಕಾಟಕೋನಕ್ಕೆ ಬಂದಾಗ ಆ ಬಾಗು ಅಳಿಸಿಹೋಗುತ್ತದೆ ಎಂದು ಕಂಡರು. ನೆಟ್ಟಗೆ ಕೂರೆಂದು ಮಕ್ಕಳನ್ನು ಗದರಿಸುವ ನಮ್ಮಂಥ ಉಪಾಧ್ಯಾಯರು ಇದನ್ನು ಕೇಳಿ ಕೊಂಚ ನಾಚಬೇಕಾಗಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು; ಅದು ಬದಲಾವಣೆ. ಬೆನ್ನುಮಣಿಗಳ ನಡುವೆ ಮೆತ್ತೆಗಳಂಥ ಬಿಲ್ಲೆಗಳಿವೆ. ಸ್ವೀಡನ್ನಿನ ನಾಕೆಮ್‌ಸನ್ ಎಂಬವರು 1960ರ ದಶಕದಿಂದ ನಡೆಸಿದ ಪ್ರಯೋಗಗಳ ಮೇಲೆ, ಬೆನ್ನಿಗೆ ಆಸರೆಯಿಲ್ಲದೆ ಕುಳಿತಾಗ ಬಿಲ್ಲೆಗಳ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೆಂದು ಬಹುಕಾಲ ನಂಬಲಾಗಿತ್ತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಬಿಲ್ಲೆಯೊಳಗೆ ಅಳತೆಯ ಸಾಧನವನ್ನಿಟ್ಟು, ಅವನು ನಿಂತಾಗ, ಕುಳಿತಾಗ, ಮಲಗಿದಾಗ ಅಳೆದರು. ನಿಂತಾಗ ಒತ್ತಡ ಸುಮಾರು 0.5 ಮೆಗಾಪಾಸ್ಕಲ್; ಆಸರೆಯಿಲ್ಲದೆ ಸಡಿಲವಾಗಿ ಕುಳಿತಾಗ ಅದಕ್ಕಿಂತ ಒಂದಿಷ್ಟು ಕಡಮೆ; ಹಿಂದಕ್ಕೆ ಒರಗಿ ಜಾರಿಕೊಂಡು ಕುಳಿತಾಗ ಸುಮಾರು 0.3. ಒಬ್ಬನ ಅಳತೆಯಿಂದ ಎಲ್ಲರಿಗೂ ಶಾಸ್ತ್ರ ಮಾಡಲಾಗದು. ಆದರೂ ಆ ವಿದ್ವಾಂಸರು ಎತ್ತಿ ಹೇಳಿದ ಮಾತು ಗಮನಾರ್ಹವಾದುದು: ಆ ಬಿಲ್ಲೆಗಳಿಗೆ ಆಹಾರ ಸಿಕ್ಕುವುದು ಅವುಗಳೊಳಗೆ ದ್ರವವು ಹರಿದಾಡುವುದರಿಂದ, ಒತ್ತಡ ಹೆಚ್ಚುತ್ತ ತಗ್ಗುತ್ತ ಇದ್ದರೆ ಆ ಹರಿದಾಟ ನಡೆಯುತ್ತದೆ, ಆದುದರಿಂದ ಭಂಗಿಯನ್ನು ಆಗಾಗ ಬದಲಿಸುತ್ತಿರುವುದೇ ಬೆನ್ನಿಗೆ ಹಿತ.

ಗಾದಿಯ ಮೇಲೆ ಕುಳಿತವರು ಮಾಡುತ್ತಿದ್ದುದೂ ಇದನ್ನೇ. ಚಕ್ಕಳಮಕ್ಕಳ ಹಾಕುವರು, ಕಾಲು ಜುಮುಗುಟ್ಟಿದರೆ ಒಂದು ಮಂಡಿಯನ್ನೆತ್ತುವರು, ಲೋಡನ್ನು ಮೊಳಕೈಯಡಿಗೆ ಎಳೆದುಕೊಂಡು ವಾಲುವರು, ಮಾತು ಕಾವೇರಿದರೆ ಮುಂದಕ್ಕೆ ಬಾಗುವರು. ಒಂದು ಗಂಟೆಯಲ್ಲಿ ಹತ್ತು ಭಂಗಿ. ಅಂಕಣ ಸೋಫಾ ಒಳ್ಳೆಯದಾಗಿದ್ದರೆ ಅದರ ಒಳ್ಳೆಯತನವೂ ಇದರಲ್ಲಿಯೇ ಇದೆ. ಅಗಲವಾದ ಆಸನ, ಸರಿಸಬಲ್ಲ ದಿಂಬು, ಕಾಲಿಗೆ ಬೇಕೆಂದಾಗ ಎಳೆದುಕೊಳ್ಳಬಹುದಾದ ಪೀಠ. ಇವೆಲ್ಲ ಭಂಗಿ ಬದಲಿಸಲು ಎಡೆಕೊಡುವ ಏರ್ಪಾಡುಗಳು. ಒಳಗೆ ಹುಗಿದುಕೊಳ್ಳುವಷ್ಟು ಮೆತ್ತಗಿದ್ದರೆ ಈ ಎಡೆಯೇ ಇಲ್ಲದಂತಾಗುತ್ತದೆ. ಮಿಸುಕಲು ಬಾರದವನಿಗೆ ಅಗಲವಿದ್ದು ಪ್ರಯೋಜನವೇನು?

ಭಂಗಿಯನ್ನು ಬದಲಿಸುವುದರ ಕೊನೆಯ ರೂಪವೇ ಏಳುವುದು. ಏಳುವವನು ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು, ತಲೆಯನ್ನು ಮುಂದಕ್ಕೆ ಬಾಗಿಸಿ ಮೈಭಾರವನ್ನು ಪಾದಗಳ ಮೇಲೆ ತರಬೇಕು, ಅನಂತರ ತೊಡೆಗಳ ಬಲದಿಂದ ಮೇಲೇಳಬೇಕು. ಆಸನವು ಮಂಡಿಗಿಂತ ತೀರ ತಗ್ಗಾದರೆ ತೊಡೆಗೆ ಇಮ್ಮಡಿ ಶ್ರಮ. ಆಳ ಹೆಚ್ಚಾದರೆ ಪಾದ ಹಿಂದಕ್ಕೆ ಬಾರದು. ಅಂಚು ಕುಸಿದರೆ ಕೈಯೂರಲು ನೆಲೆಯಿಲ್ಲ. ತೋಳಿಲ್ಲದಿದ್ದರೆ ಹಿಡಿಯಲು ಆಧಾರವಿಲ್ಲ. ಈ ನಾಲ್ಕೂ ದೋಷಗಳು ಒಂದೆಡೆ ಕೂಡಿದರೆ ಅದು ಮುದುಕರಿಗೆ ಸೆರೆಮನೆ.

ಹಾಗಾದರೆ ನೆಲದ ಮೇಲಿನ ಗಾದಿ ಇನ್ನೂ ತಗ್ಗಲ್ಲವೇ, ಹಿಂದಿನ ಹಿರಿಯರು ಅದರಿಂದ ಏಳುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಏಳುತ್ತಿದ್ದರು, ಏಕೆಂದರೆ ಬಾಲ್ಯದಿಂದ ದಿನಕ್ಕೆ ಹತ್ತಾರು ಸಲ ನೆಲದಿಂದ ಎದ್ದ ಮೈ ಅವರದು, ಮೇಲಾಗಿ ಕೈಯೂರಿದರೆ ಕುಸಿಯದ ನೆಲ ಪಕ್ಕದಲ್ಲಿಯೇ ಇರುತ್ತಿತ್ತು. 2012ರಲ್ಲಿ ಬ್ರೆಜಿಲಿನ ವೈದ್ಯ ಅರೌಜೋ ಮತ್ತು ಸಂಗಡಿಗರು ಒಂದು ವಿಷಯವನ್ನು ಪ್ರಕಟಿಸಿದರು. 51ರಿಂದ 80 ವರ್ಷದ 2002 ಜನರನ್ನು ನೆಲದ ಮೇಲೆ ಕುಳಿತು ಎದ್ದು ನಿಲ್ಲುವಂತೆ ಹೇಳಿ, ಎಷ್ಟು ಆಧಾರ ಹಿಡಿದರೆಂದು ಅಂಕ ಕೊಟ್ಟು, ಆಮೇಲೆ ವರ್ಷಗಟ್ಟಲೆ ಅವರ ಕ್ಷೇಮವನ್ನು ಗಮನಿಸಿದರು. ಆಧಾರವಿಲ್ಲದೆ ಎದ್ದವರಿಗಿಂತ ಹೆಚ್ಚು ಆಧಾರ ಬೇಕಾದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ನೆಲದ ಮೇಲೆ ಕುಳಿತರೆ ಆಯುಸ್ಸು ಬೆಳೆಯುತ್ತದೆಂದು ಇದರ ಅರ್ಥವಲ್ಲ. ಏಳಬಲ್ಲ ಶಕ್ತಿಯು ಮೈಯ ಒಟ್ಟು ಆರೋಗ್ಯದ ಕುರುಹು ಎಂದಷ್ಟೇ ಅರ್ಥ. ಆದರೂ ತಾನಾಗಿ ಏಳುವ ಅಭ್ಯಾಸವನ್ನು ಹಿರಿಯರಿಂದ ಕಿತ್ತುಕೊಳ್ಳುವ ಪೀಠವನ್ನು ಸುಖಪೀಠವೆನ್ನಲು ನಮ್ಮ ಮನಸ್ಸು ಒಪ್ಪದು.

ಇಷ್ಟು ಹೇಳಿದ ಮೇಲೆ, ಹಳೆಯ ಗಾದಿಯನ್ನು ಹೊಗಳಿ ಹೊಸ ಸೋಫಾವನ್ನು ಹಳಿಯುವುದೇ ನಮ್ಮ ಉದ್ದೇಶವೆಂದು ತಾವು ಭಾವಿಸಬಾರದು. ಪಡಸಾಲೆಯ ಮತ್ತೊಂದು ಮುಖವನ್ನೂ ನೋಡಬೇಕು. ಆ ಗಾದಿಯ ಮೇಲೆ ಕೂರುತ್ತಿದ್ದವರು ಯಾರು? ಮನೆಯ ಯಜಮಾನ, ಗೌಡ, ಶಾನುಭೋಗ, ಬೀಗರು. ಒಕ್ಕಲಿನವರಿಗೆ ಕಂಬಳಿ; ಆಳುಗಳಿಗೆ ಮೆಟ್ಟಿಲ ಕೆಳಗಿನ ಬರಿಯ ನೆಲ; ಅಸ್ಪೃಶ್ಯರೆನಿಸಿದವರಿಗೆ ಹೊರಗಿನ ಅಂಗಳ, ಅದೂ ನಿಂತುಕೊಂಡು. ಹೆಂಗಸರಂತೂ ನಡುಮನೆಯ ಬಾಗಿಲ ಮರೆಯಿಂದ ಮಾತು ಕೇಳುವವರು. ಕುಳಿತ ಎತ್ತರವನ್ನು ನೋಡಿದರೆ ಯಾರು ಯಾರಿಗಿಂತ ಮೇಲೆಂಬುದು ತಿಳಿಯುತ್ತಿತ್ತು. ಮನೆಯಿಂದ ಮನೆಗೆ ಹೆಚ್ಚುಕಡಮೆ ಇದ್ದೀತು, ಸಾಮಾನ್ಯಕ್ರಮ ಇದು. ನಮ್ಮ ದೊಡ್ಡವ್ವನವರು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಾದಿಗಳನ್ನು ಬಿಸಿಲಿಗೆ ಹಾಕಿದ್ದರು, ಗಲೀಪು ಒಗೆದಿದ್ದರು, ಮಡಚಿ ಒಟ್ಟಿದ್ದರು. ಗಂಡಸರಿದ್ದಾಗ ಅದರ ಮೇಲೆ ಒಂದು ದಿನವೂ ಕುಳಿತವರಲ್ಲ. ಹೊಸ ಸೋಫಾ ಬಂದ ದಿನ ಮೊಮ್ಮಗ ಅವರನ್ನು ಕೈಹಿಡಿದು ಎಲ್ಲರಿಗಿಂತ ಮೊದಲು ಅಲ್ಲಿ ಕುಳ್ಳಿರಿಸಿದನಷ್ಟೆ; ಅದು ಆ ಮನೆಯಲ್ಲಿ ಸಣ್ಣ ಸಂಗತಿಯಲ್ಲ. ಎಲ್ಲರೂ ಒಂದೇ ಎತ್ತರದಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರುವ ಪೀಠ ಬಂದಿತು. ಬಂದ ಪೀಠ ಅವರನ್ನೇ ಮತ್ತೆ ಹೊಸ್ತಿಲ ಬಳಿಗೆ ಅಟ್ಟಿತು. ನಮಗೆ ನೋವಾದುದು ಇದಕ್ಕಾಗಿ.

ಆದಕಾರಣ ಅಳತೆಪಟ್ಟಿಯನ್ನು ತೆಗೆದುಕೊಂಡು ನೋಡಿದೆವು. ಆಸನವು ಖಾಲಿಯಿದ್ದಾಗ 40 ಸೆಂಟಿಮೀಟರು ಎತ್ತರ. ಅವರು ಕುಳಿತಾಗ 29ಕ್ಕೆ ಇಳಿಯಿತು. ಅವರ ಅಂಗಾಲಿನಿಂದ ಮಂಡಿಯ ಹಿಂಬದಿಗೆ 39. ಆಸನದ ಆಳ 66. ಅವರ ಬೆನ್ನಿನಿಂದ ಮಂಡಿಯ ಹಿಂಬದಿಗೆ 44. ಬೆನ್ನು ಒರಗಿದರೆ ಕಾಲು ನೆಲಕ್ಕೆ ಹತ್ತದು, ಕಾಲು ಹತ್ತಿಸಿದರೆ ಬೆನ್ನಿಗೆ ಆಸರೆಯಿಲ್ಲ. ಕೆಸರೆಂದು ಅವರು ಆಡಿದ ಮಾತು ಅಳತೆಗೆ ಸರಿಹೋಯಿತು.

ಒಂದೇ ಮೈಯ ಸೋಫಾ ಆಗಿದ್ದರೆ ಅದನ್ನು ಮಾರಬೇಕಾಗುತ್ತಿತ್ತು. ಇದು ಅಂಕಣ ಸೋಫಾ. ಒಂದು ಅಂಕಣವನ್ನು ಮಾತ್ರ ತಿದ್ದಿದರೆ ಸಾಕಾಯಿತು. ಮೂಲೆಯ ಪೀಠವೊಂದನ್ನು ಬಿಡಿಸಿ, ಮೇಲಿನ ಮೆತ್ತೆ ತೆಗೆದು, ಇಳಿಬಿದ್ದ ಪಟ್ಟಿಗಳ ಮೇಲೆ ಪ್ಲೈವುಡ್ ಹಲಗೆ ಕೂಡ್ರಿಸಿ, ಅದರ ಮೇಲೆ ಬಿರುಸಾದ ಫೋಮಿನ ಪದರ, ಅದರ ಮೇಲೆ ಹತ್ತಿಯ ಗಾದಿ ಹಾಕಿಸಿದೆವು. ಗಾದಿ ತುಂಬಿಕೊಟ್ಟವರು ಹಿಂದೆ ಕಮಾನು ಹೊತ್ತು ತಿರುಗುತ್ತಿದ್ದ ಪಿಂಜಾರರ ಮನೆತನದವರು. ಈಗ ಅವರಲ್ಲಿ ಕಮಾನಿಲ್ಲ, ವಿದ್ಯುತ್ತಿನ ಯಂತ್ರವಿದೆ. ಬೆನ್ನಿಗೆ ಹಳೆಯ ಲೋಡೊಂದನ್ನು ಇಟ್ಟು ಆಳವನ್ನು ತಗ್ಗಿಸಿದೆವು. ಬಡಿಗರು ಪಕ್ಕಕ್ಕೆ ಹೊನ್ನೆಮರದ ತೋಳೊಂದನ್ನು ಬಿಗಿದರು. ಈಗ ದೊಡ್ಡವ್ವನವರು ಕುಳಿತಾಗ ಆಸನದ ಎತ್ತರ 41. ಮಿಕ್ಕ ನಾಲ್ಕು ಅಂಕಣಗಳು ಹುಡುಗರಿಗೆ ಬೇಕಾದಂತೆ ಮೆತ್ತಗೆಯೇ ಇವೆ.

ಈ ಮಾದರಿಯ ಸೋಫಾದ ನಿಜವಾದ ಗುಣ ಇದೇ ಎಂದು ನಮಗೆ ತೋರುತ್ತದೆ. ಜಾಗ ಬದಲಿಸಬಹುದೆಂಬುದನ್ನು ಜಾಹೀರಾತುಗಳು ಹೇಳುತ್ತವೆ. ಆದರೆ ಮನೆಗೆ ಬಂದ ಸೋಫಾದ ಜಾಗವನ್ನು ವರ್ಷಕ್ಕೊಮ್ಮೆ ಬದಲಿಸುವವರೂ ವಿರಳ. ಒಂದು ಅಂಕಣವು ಇನ್ನೊಂದರಂತೆಯೇ ಇರಬೇಕಾಗಿಲ್ಲ ಎಂಬುದು ಅದಕ್ಕಿಂತ ಹೆಚ್ಚಿನ ಅನುಕೂಲ. ಒಂದೇ ಮನೆಯಲ್ಲಿ ಉದ್ದನೆಯ ಕಾಲಿನ ಹುಡುಗನೂ ಮಂಡಿನೋವಿನ ಅಜ್ಜಿಯೂ ಇರುವರು. ಹಿಂದಿನ ಪಡಸಾಲೆಯಲ್ಲಿ ಆಸನದ ಭೇದವು ಅಂತಸ್ತಿನ ಭೇದವಾಗಿತ್ತು. ಇಲ್ಲಿ ಅದು ಮೈಯ ಅಗತ್ಯದ ಭೇದ ಮಾತ್ರವಾಗಬಹುದು.

ಕೊಳ್ಳಲು ಹೋಗುವವರಿಗೆ ನಮ್ಮ ಬಿನ್ನಹ ಇಷ್ಟೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ಅವರು ಕಾಲುಗಂಟೆ ಕೂರಲಿ. ಅಂಗಾಲು ಪೂರ್ತಿಯಾಗಿ ನೆಲಕ್ಕೆ ಹತ್ತಿದೆಯೇ, ಮಂಡಿಯ ಹಿಂದೆ ಮೂರು ಬೆರಳು ತೆರಪಿದೆಯೇ, ಸೊಂಟಕ್ಕೆ ಆಸರೆಯಿದೆಯೇ ನೋಡಿರಿ. ಆಮೇಲೆ ಅವರು ಯಾರ ಕೈಯನ್ನೂ ಹಿಡಿಯದೆ ಏಳಲಿ. ಎದ್ದರೆ ಆಗ ಬಣ್ಣದ ಮಾತು, ಆಮೇಲೆ ಬೆಲೆಯ ಮಾತು.

ಮೊನ್ನೆ ನಾವು ಮಾಸೂರಿಗೆ ಹೋದಾಗ ದೊಡ್ಡವ್ವನವರು ತಮ್ಮ ಅಂಕಣದಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮರಿಮಕ್ಕಳು, ಎದುರಿಗೆ ನೆರೆಮನೆಯವರು. ನಮ್ಮನ್ನು ಕಂಡೊಡನೆ ಹೊನ್ನೆಯ ತೋಳನ್ನು ಹಿಡಿದು ತಾವೇ ಎದ್ದರು. "ಕುಂದರ್ರಿ, ನೀರು ತರ್ತೀನಿ" ಎಂದು ಒಳಗೆ ನಡೆದರು. ಬೇಡವೆಂದರೂ ಕೇಳಲಿಲ್ಲ. ಆಸನದ ಸುಖವನ್ನು ಅಳೆಯಲು ಇದಕ್ಕಿಂತ ಬೇರೆಯ ಮಾನ ನಮಗೆ ತಿಳಿಯದು.